ಥರ್ಮಾಕೋಲ್ ಇಲ್ಲದ ಸಮಾಜ ವಿಜ್ಞಾನ ಪ್ರಾಜೆಕ್ಟ್: ನೀವು ಮಕ್ಕಳ ಕೈಲಿ ಏನೇನು ಮಾಡಿಸ್ತೀರಿ?

ತಿಪಟೂರು_ಟೀಚರ್
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 4, 5ಕ್ಕೆ ಪರಿಸರ ಅಧ್ಯಯನ, 6, 7ಕ್ಕೆ ಸಮಾಜ ವಿಜ್ಞಾನ, ಎರಡೂ ನನ್ನ ತಲೆ ಮೇಲೇ. ಪ್ರಾಜೆಕ್ಟ್ ಅಂದ ತಕ್ಷಣ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಮಿಸ್, ಥರ್ಮಾಕೋಲ್ ಎಷ್ಟು ದಪ್ಪದ್ದು ತರ್ಬೇಕು?" ಏನು ಮಾಡ್ಬೇಕು ಅಂತ ನಾನಿನ್ನೂ ಬಾಯೇ ಬಿಟ್ಟಿರಲ್ಲ. ಕೂಲಿಗೆ ಹೋಗುವ ಮನೆಯವರು ಅದಕ್ಕೂ ದುಡ್ಡು ಹೊಂದಿಸಿ ತಂದು ಕೊಡ್ತಾರೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಮುಗಿದ ಮೇಲೆ ಅದೆಲ್ಲ ಸ್ಟಾಫ್ ರೂಮಿನ ಬೀರು ಮೇಲೆ ಧೂಳು ತಿನ್ತಾ ಬಿದ್ದಿರುತ್ತೆ. ಈ ವರ್ಷ ಥರ್ಮಾಕೋಲ್ ಬೇಡ, ಚಾರ್ಟ್ ಅಂಗಡಿ ಬೇಡ, ನೆಟ್ ಸೆಂಟರ್ ಪ್ರಿಂಟ್ ಅಂತೂ ಬೇಡವೇ ಬೇಡ ಅಂತ ತೀರ್ಮಾನ ಮಾಡಿದ್ದೀನಿ. ಮಗು ತಾನೇ ಕೈಯಾರೆ ಮಾಡಬೇಕು, ಮಾಡ್ತಾ ಮಾಡ್ತಾ ತನ್ನ ಊರಿನ ಬಗ್ಗೆ ಏನಾದ್ರೂ ಹೊಸದು ಗೊತ್ತಾಗಬೇಕು. ನೀವು ಮಾಡಿಸಿರೋದನ್ನು ಹೇಳಿ. ಪುಸ್ತಕದಲ್ಲಿರೋ ಐಡಿಯಾ ನನ್ನ ಹತ್ರಾನೂ ಇವೆ, ಅದು ಬೇಡ.

ಕೋಲಾರದವನು
ಮೇಡಂ, ಕೆರೆ ಕಟ್ಟಿಸಿ. ನಮ್ಮ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ, ಕೆರೆನೇ ಎಲ್ಲ, ಹಾಗಾಗಿ 5ನೇ ತರಗತಿಗೆ ಪ್ರತಿ ವರ್ಷ ಇದನ್ನೇ ಮಾಡಿಸ್ತೀನಿ. ಶಾಲೆ ಹಿಂದೆ ಸ್ವಲ್ಪ ಇಳಿಜಾರಿನ ಜಾಗ, ಒಂದೆರಡು ಗುದ್ದಲಿ, ನಾಲ್ಕು ಬಕೆಟ್ ನೀರು ಇದ್ರೆ ಸಾಕು.

"ಕೆರೆ ಮಾಡಿ" ಅಂದ್ರೆ ಮಕ್ಕಳು ಮೊದಲು ಸಮತಟ್ಟು ನೆಲದಲ್ಲಿ ಗುಂಡಿ ತೋಡ್ತಾರೆ. ತೋಡಲಿ ಬಿಡಿ. ಆಮೇಲೆ ಕೇಳಿ, ಇದರಿಂದ ಗದ್ದೆಗೆ ನೀರು ಹೆಂಗೆ ಹೋಗುತ್ತೆ ಅಂತ. ಎತ್ತಿ ಹಾಕ್ಬೇಕು ಸಾರ್ ಅಂತಾರೆ. ಹಂಗಾದ್ರೆ ಅದು ಬಾವಿ, ಕೆರೆ ಅಲ್ಲ. ಅಲ್ಲಿಂದ ಪಾಠ ಶುರು. ನೀರು ಹರಿದು ಬರುವ ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕ್ತಾರೆ. ಏರಿ ಅಡಿಯಲ್ಲಿ ಗದ್ದೆಗೆ ನೀರು ಬಿಡೋ ತೂಬು ಬೇಕು, ಅದಕ್ಕೆ ಪಪ್ಪಾಯಿ ಎಲೆಯ ದಂಟು ಹೇಳಿ ಮಾಡಿಸಿದ ಹಾಗಿದೆ, ಒಳಗೆ ಟೊಳ್ಳು, ಬಾಯಿಗೆ ಒಂದು ಕಡ್ಡಿ ಸಿಕ್ಕಿಸಿದ್ರೆ ಬಂದ್. ಒಂದು ಪಕ್ಕದಲ್ಲಿ ಹೆಚ್ಚಾದ ನೀರು ಹೊರಗೆ ಹೋಗೋ ಕೋಡಿ. ಕೋಡಿ ಯಾಕೆ ಬೇಕು ಅಂತ ನಾನು ಹೇಳೋದೇ ಇಲ್ಲ. ನೀರು ಸುರೀತಾ ಹೋಗಿ. ಕೋಡಿ ಇಲ್ಲದ ಗುಂಪಿನ ಕೆರೆ ತುಂಬಿ, ಏರಿ ಮೇಲಿಂದ ನೀರು ಹರಿದು, ಮಣ್ಣು ಕೊಚ್ಚಿಕೊಂಡು, ಎರಡೇ ನಿಮಿಷದಲ್ಲಿ ಮಧ್ಯಕ್ಕೆ ಒಡೆದು ಹೋಗುತ್ತೆ. ಕೋಡಿ ಇಟ್ಟಿದ್ದರೂ ಅದು ಏರಿಯಷ್ಟೇ ಎತ್ತರ ಇದ್ರೆ ಅದೂ ಒಡೆಯುತ್ತೆ. ಕೋಡಿ ಏರಿಗಿಂತ ತಗ್ಗಿನಲ್ಲಿ ಇರಬೇಕು ಅಂತ ಯಾರೂ ಬೋರ್ಡ್ ಮೇಲೆ ಬರೆದು ಕೊಡಬೇಕಾಗಿಲ್ಲ.

ಏರಿ ಕೆಳಗಿನ ಅಚ್ಚುಕಟ್ಟಿನಲ್ಲಿ ರಾಗಿನೋ ಮೆಂತ್ಯನೋ ಚೆಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪಾತಿ. ಒಬ್ಬ ನೀರಗಂಟಿ, ತೂಬು ತೆಗೆಯುವ ಅಧಿಕಾರ ಅವನಿಗೆ ಮಾತ್ರ. ಕೊನೆ ಪಾತಿಯವರಿಗೆ ನೀರು ಮುಟ್ಟಲ್ಲ, ಜಗಳ ಗ್ಯಾರಂಟಿ. ಆ ಜಗಳ ಬಿಡಿಸಬೇಡಿ, ನಿಯಮ ಮಾಡಿಕೊಳ್ಳಿ ಅಂತ ಹೇಳಿ ದೂರ ನಿಂತ್ಕೊಳ್ಳಿ.

ಇನ್ನೊಂದು. 4ನೇ ತರಗತಿಯವರದ್ದು ಮೇಲಿನ ಕೆರೆ, 5ನೇ ತರಗತಿಯವರದ್ದು ಕೆಳಗಿನ ಕೆರೆ ಮಾಡಿಸಿ. ಮೇಲಿನ ಕೋಡಿ ನೀರು ಕೆಳಗಿನ ಕೆರೆಗೆ ಬರಬೇಕು, ನಮ್ಮ ಹಳೇ ಕೆರೆಗಳೆಲ್ಲ ಹಿಂಗೆ ಸರಪಳಿ ಥರಾನೇ ಇರೋದು. ಮೇಲಿನವರು ಜಾಸ್ತಿ ನೀರು ನಿಲ್ಲಲಿ ಅಂತ ಸುಮ್ನೆ ಕೋಡಿಗೆ ಒಂದು ಕಲ್ಲು ಇಟ್ಟುಬಿಡ್ತಾರೆ ನೋಡಿ, ಕೆಳಗಿನವರ ಮುಖ ನೋಡಬೇಕು ಆಗ! ಕಾವೇರಿ ಗಲಾಟೆಗೆ ಬೇರೆ ಪಾಠ ಮಾಡೋದೇ ಬೇಡ.

ಆಫೀಸ್_ಅಮ್ಮ
ಓದೋಕೆ ಹೊಟ್ಟೆ ಉರಿಯುತ್ತೆ ಸರ್. ನಾವು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್, ಮಣ್ಣು ಅಂದ್ರೆ ಕುಂಡದಲ್ಲಿರೋದು. ಮಗ 4ನೇ ಕ್ಲಾಸ್, ಪ್ರೈವೇಟ್ ಶಾಲೆ. ರಾತ್ರಿ ಊಟ ಆದ ಮೇಲೆ ಹೇಳ್ತಾನೆ, "ಅಮ್ಮಾ, ನಾಳೆ ಹಂಪಿ ಕಲ್ಲಿನ ರಥ ತಗೊಂಡು ಹೋಗ್ಬೇಕು." ಅವನ ಅಪ್ಪ ಕೂತು ಕಟ್ ಮಾಡಿ, ನಾನು ಪೇಂಟ್ ಹೊಡೆದು, ಮಗ ಮಲಗಿ ಬೆಳಿಗ್ಗೆ ಎತ್ಕೊಂಡು ಹೋದ. ಎ ಪ್ಲಸ್ ಬಂತು, ಯಾರಿಗೆ ಬಂತೋ ಗೊತ್ತಿಲ್ಲ. ಪಕ್ಕದ ಬ್ಲಾಕಿನವರು ಆನ್‌ಲೈನಲ್ಲಿ ರೆಡಿಮೇಡ್ ತರಿಸಿದ್ರು, ಅವರಿಗೂ ಎ ಪ್ಲಸ್. ಟೀಚರ್‌ಗಳಿಗೆ ಕೈ ಮುಗಿದು ಕೇಳ್ತೀನಿ, ಏನೇ ಮಾಡಿಸಿ, ಶಾಲೆ ಒಳಗೇ ಮಾಡಿಸಿ. ಮನೆಗೆ ಕಳಿಸಿದ ಪ್ರಾಜೆಕ್ಟ್ ಅಪ್ಪ ಅಮ್ಮನ ಪ್ರಾಜೆಕ್ಟೇ.

ಜಮಖಂಡಿ_ಮಂದಿ
ಅಕ್ಕಾ, ರಥ ಮಾಡೋದೇ ಬೇಡವಾಗಿತ್ತು. ಹೊಸ 50 ರೂಪಾಯಿ ನೋಟಿನ ಹಿಂದೆ ಅದೇ ರಥ ಇದೆಯಲ್ಲ! ನಾನು ನೋಟುಗಳನ್ನೇ ಪ್ರಾಜೆಕ್ಟ್ ಮಾಡಿಸ್ತೀನಿ. 10ಕ್ಕೆ ಕೋನಾರ್ಕ್, 20ಕ್ಕೆ ಎಲ್ಲೋರಾ, 50ಕ್ಕೆ ಹಂಪಿ, 100ಕ್ಕೆ ಗುಜರಾತಿನ ರಾಣಿ ಕೀ ವಾವ್, 200ಕ್ಕೆ ಸಾಂಚಿ, 500ಕ್ಕೆ ಕೆಂಪುಕೋಟೆ. ಭೂಪಟದ ಮೇಲೆ ಒಂದೊಂದೇ ಗುರುತು ಹಾಕಿಸಿ. ಭೂತಗನ್ನಡಿ ಕೊಟ್ಟು ಭಾಷೆಗಳ ಪಟ್ಟಿ ತೋರಿಸಿ, ಕನ್ನಡ ಎಷ್ಟನೇ ಸಾಲಿನಲ್ಲಿದೆ ಹುಡುಕಲಿ. ನಾಲ್ಕನೇದು. ಯಾಕೆ ನಾಲ್ಕನೇದು ಅಂತ ಕೇಳಿ, ಅಸ್ಸಾಮಿ, ಬಂಗಾಳಿ, ಗುಜರಾತಿ, ಕನ್ನಡ, ಅಂದ್ರೆ ಇಂಗ್ಲಿಷ್ ಅಕ್ಷರದ ಸಾಲು ಅಂತ ಒಬ್ಬರಾದ್ರೂ ಪತ್ತೆ ಹಚ್ಚೇ ಹಚ್ತಾರೆ. ಅಪಾರ್ಟ್‌ಮೆಂಟ್‌ನಲ್ಲೂ ಆಗುತ್ತೆ, ಖರ್ಚೂ ಇಲ್ಲ, ನೋಟು ವಾಪಸ್ ಪರ್ಸಿಗೆ.

ನಮ್ಮ ಶಾಲೆಯಲ್ಲಿ ಜೋರಾಗಿ ನಡೆದದ್ದು ಏಕೀಕರಣದ ಪಜಲ್. ನವೆಂಬರ್ 1ಕ್ಕೆ ಬಾವುಟ, ಭಾಷಣ, ಹಾಡು ಎಲ್ಲ ಆಗುತ್ತೆ, ಏನು ಒಂದಾಯ್ತು ಅಂತ ಮಾತ್ರ ಮಕ್ಕಳಿಗೆ ಗೊತ್ತಿರಲ್ಲ. ಹಳೇ ಕ್ಯಾಲೆಂಡರ್ ರಟ್ಟಿನ ಮೇಲೆ ಕರ್ನಾಟಕ ಬರೆದು ತುಂಡು ಮಾಡಿಸಿ. ಹಳೇ ಮೈಸೂರು ಒಂದು ತುಂಡು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಕಡೆಯವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ಕಡೆಯವು. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದ್ರಾಸಿನದ್ದು. ಕೊಡಗು ತಾನೇ ಒಂದು ರಾಜ್ಯ. ಬಳ್ಳಾರಿಯೂ ಮದ್ರಾಸಿನಲ್ಲೇ ಇತ್ತು, ಆಂಧ್ರ ಆದಾಗ, 1953ರಲ್ಲೇ, ಮೈಸೂರಿಗೆ ಬಂತು, ಹಾಗಾಗಿ ಅದನ್ನು ಮೊದಲು ಜೋಡಿಸಬೇಕು. ಉಳಿದವೆಲ್ಲ 1956ರಲ್ಲಿ. ಹೆಸರು ಮಾತ್ರ 1973ರವರೆಗೂ ಮೈಸೂರು ಅಂತಲೇ ಇತ್ತು, ಪಜಲ್ ಪೂರ್ತಿ ಆದ ಮೇಲೆ ಚೀಟಿ ಬದಲಾಯಿಸೋದು ಕೊನೆ ಆಟ.

ಒಂದೊಂದು ತುಂಡಿಗೆ ನಾಲ್ಕೈದು ಮಕ್ಕಳು. ತುಂಡಿನ ಹಿಂದೆ ಅಲ್ಲಿ ಕಚೇರಿ ಭಾಷೆ ಯಾವುದಿತ್ತು, ರಾಜಧಾನಿ ಎಲ್ಲಿತ್ತು ಅಂತ ಬರೀಬೇಕು. ಮಂಗಳೂರಿನವರು ರಾಜಧಾನಿಗೆ ಹೋಗೋಕೆ ಮದ್ರಾಸಿಗೆ ಹೋಗ್ಬೇಕಿತ್ತಾ ಅಂತ ಒಬ್ಬಳು ಬಾಯಿ ಮೇಲೆ ಕೈ ಇಟ್ಕೊಂಡಳು. ನಮ್ಮ ಜಮಖಂಡಿ ಅಂತೂ ಬೇರೇನೇ ಸಂಸ್ಥಾನ, ಪಟವರ್ಧನರದ್ದು, 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, ಆಮೇಲೆ ಮೈಸೂರಿಗೆ. ಒಂದೇ ಮನೆಯಲ್ಲಿ ಕೂತಿರೋ ಅಜ್ಜನಿಗೆ ಮೂರು ಸರ್ಕಾರ. ಅಜ್ಜನನ್ನ ಕೇಳ್ಕೊಂಡು ಬಾ ಅಂತ ಕಳಿಸೋದಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ನಿವೃತ್ತ_ಮೇಷ್ಟ್ರು
ಅಜ್ಜನನ್ನು ಕೇಳಿಕೊಂಡು ಬಾ ಅನ್ನೋದು ಚೆನ್ನಾಗಿದೆ. ಆದರೆ "ನನ್ನ ವಂಶವೃಕ್ಷ" ಪ್ರಾಜೆಕ್ಟ್ ಬಗ್ಗೆ ಒಂದು ಮಾತು, ಯಾಕಂದ್ರೆ ಮುಂದಿನ ಪೋಸ್ಟಿನಲ್ಲಿ ಯಾರಾದರೂ ಅದನ್ನ ಹೇಳೇ ಹೇಳ್ತಾರೆ. ನನಗದು ಇಷ್ಟವಿಲ್ಲ. ಅಪ್ಪ ಬಿಟ್ಟು ಹೋದ ಮಗು ಇರುತ್ತೆ, ಹಾಸ್ಟೆಲಿನ ಮಗು ಇರುತ್ತೆ, ಅಜ್ಜಿ ಮನೆಯಲ್ಲಿ ಬೆಳೀತಿರೋ ಮಗು ಇರುತ್ತೆ. ಅಪ್ಪನ ಜಾಗದಲ್ಲಿ ಫೋಟೋ ಅಂಟಿಸಿ ಅಂತ ಖಾಲಿ ಚೌಕ ಬರೆದು ಕೊಟ್ಟರೆ ಅದು ಏನು ಮಾಡಬೇಕು? ಜೊತೆಗೆ ಅಡ್ಡಹೆಸರು, ಕಸುಬು, ಮನೆದೇವರು ಅಂತ ಬರೆಸಿದ್ರೆ ಗೋಡೆ ತುಂಬ ಜಾತಿ ಪಟ್ಟಿ ನೇತು ಹಾಕಿದ ಹಾಗೆಯೇ.

ಬದಲಿಗೆ ಮನೆಯ ಒಂದು ಹಳೇ ವಸ್ತು ತರಿಸಿ. ಸೇರು, ಪಾವು, ಬೀಸೋಕಲ್ಲಿನ ಗೂಟ, ರೇಡಿಯೋ, ರೇಷನ್ ಕಾರ್ಡು, ಏನಾದರೂ. ಯಾರು ಬಳಸ್ತಿದ್ರು, ಈಗ ಅದರ ಕೆಲಸ ಯಾವುದು ಮಾಡ್ತಿದೆ. ಅಷ್ಟೇ ಪ್ರಶ್ನೆ. ಸೇರು ಬಂದರೆ ನಿಮ್ಮ ಅದೃಷ್ಟ. ನಾಲ್ಕು ಪಾವಿಗೆ ಸೇರು ತುಂಬುತ್ತಾ ನೋಡಿ. ಆಮೇಲೆ ರಾಗಿ ತುಂಬಿ ತೂಗಿ, ಭತ್ತ ತುಂಬಿ ತೂಗಿ, ತೂಕ ಬೇರೆ ಬೇರೆ ಬರುತ್ತೆ, ಅಳತೆ ಬೇರೆ ತೂಕ ಬೇರೆ ಅಂತ ಗಣಿತದ ಮೇಷ್ಟ್ರೂ ಖುಷಿಯಾಗ್ತಾರೆ. ಎರಡು ಮನೆಯ ಸೇರು ತಂದು ನೋಡಿ, ಅವೂ ಒಂದೇ ಸಮ ಇರಲ್ಲ. ಸಂತೆಯಲ್ಲಿ ಮೋಸ ಹೇಗೆ ಆಗ್ತಿತ್ತು, ಸರ್ಕಾರ ತೂಕಕ್ಕೆ ಮುದ್ರೆ ಯಾಕೆ ಹಾಕುತ್ತೆ, ಎಲ್ಲ ಅದರಲ್ಲೇ ಬರುತ್ತೆ.

ಇನ್ನು ವೀರಗಲ್ಲು. ತಿಪಟೂರು ಕಡೆ ಬೇಕಾದಷ್ಟಿವೆ, ಊರ ಬಾಗಿಲಲ್ಲಿ, ಕೆರೆ ಏರಿ ಮೇಲೆ, ಕೆಲವು ಕಡೆ ಬಟ್ಟೆ ಒಗೆಯೋ ಕಲ್ಲಾಗಿಯೂ ಇವೆ. ಮಕ್ಕಳನ್ನು ಅದರ ಮುಂದೆ ಕೂರಿಸಿ ಕೆಳಗಿನಿಂದ ಮೇಲಕ್ಕೆ ಓದಿಸಿ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ಅಲ್ಲಿ ಹಸುಗಳಿದ್ದರೆ ಅದು ತುರುಗೋಳು, ದನ ಹೊಡೆದುಕೊಂಡು ಹೋಗುವವರ ಜೊತೆ ಜಗಳ. ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗ್ತಿರ್ತಾರೆ. ಮೇಲೆ ಶಿವಲಿಂಗದ ಮುಂದೆ ವೀರ ಕೂತಿರ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅಂದ್ರೆ ಅವು ಇರುವವರೆಗೂ ಇವನ ಹೆಸರಿರಲಿ ಅಂತ. ನಾನು ಮಕ್ಕಳಿಗೆ ಮೂರು ಖಾಲಿ ಚೌಕದ ಹಾಳೆ ಕೊಟ್ಟು, ನೋಡಿದ್ದನ್ನು ಬರೆಯಿರಿ ಅಂತಿದ್ದೆ. ಹೇಳಿದ್ದನ್ನಲ್ಲ, ನೋಡಿದ್ದನ್ನು. ವೀರನ ಕೈಲಿ ಬಿಲ್ಲೋ ಕತ್ತಿಯೋ ಅಂತ ಅರ್ಧ ಗಂಟೆ ವಾದ ಮಾಡೋ ಮಕ್ಕಳು ಸಿಗ್ತಾರೆ.

ಕಲ್ಲಿಗೆ ಸೀಮೆಸುಣ್ಣ ಉಜ್ಜೋದು, ಎಣ್ಣೆ ಬಳಿಯೋದು, ಬಣ್ಣ ಹಚ್ಚೋದು ಖಂಡಿತ ಬೇಡ. ಅಕ್ಷರ ಕಾಣ್ಬೇಕಾದ್ರೆ ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಹೋಗಿ, ಇಲ್ಲ ಒಂದು ಪಕ್ಕದಿಂದ ಟಾರ್ಚ್ ಬಿಡಿ. ನಿಮ್ಮೂರ ಶಾಸನ ಆಗಲೇ ಓದಿ ಅಚ್ಚಾಗಿದೆಯಾ ನೋಡಬೇಕಂದ್ರೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ, ತುಮಕೂರು ಜಿಲ್ಲೆಗೆ 12ನೇ ಸಂಪುಟ, 1904ರದ್ದು. ತಾಲ್ಲೂಕುವಾರು ಊರ ಹೆಸರಿನ ಜೊತೆ ಇದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಮ್ಮೂರ ಹೆಸರು ಅಷ್ಟು ಹಳೇ ಪುಸ್ತಕದಲ್ಲಿದೆ ಅಂತ ತೋರಿಸಿದ ದಿನ ಮಕ್ಕಳು ಬಿಸಿಯೂಟದ ಗಂಟೆ ಹೊಡೆದರೂ ಏಳಲ್ಲ.

ಕ್ಯಾಲಿಫೋರ್ನಿಯಾ_ಕನ್ನಡತಿ
ಥರ್ಮಾಕೋಲ್ ಕಥೆ ಓದಿ ನಗು ಬಂತು. ಇಲ್ಲೂ ಅದೇ ಹಾಡು. ಇಲ್ಲಿ 4ನೇ ತರಗತಿಯಲ್ಲಿ ಕ್ಯಾಲಿಫೋರ್ನಿಯಾ ಇತಿಹಾಸ ಬರುತ್ತೆ. ಸ್ಪೇನಿನವರು ಕಟ್ಟಿದ 21 ಮಿಷನ್‌ಗಳಲ್ಲಿ ಒಂದನ್ನ ಮಗು ಸಕ್ಕರೆ ಅಚ್ಚಲ್ಲೋ ಐಸ್‌ಕ್ಯಾಂಡಿ ಕಡ್ಡಿಯಲ್ಲೋ ಮಾಡಿ ತರೋದು ತಲೆಮಾರುಗಳಿಂದ ಪದ್ಧತಿ. ಅದಕ್ಕೆ ಅಂಗಡಿಯಲ್ಲಿ ರೆಡಿ ಕಿಟ್ ಕೂಡ ಸಿಗ್ತಿತ್ತು. ಮೂಲನಿವಾಸಿಗಳು ಅಲ್ಲಿ ಬಲವಂತದ ದುಡಿಮೆಯಲ್ಲಿ, ಕಾಯಿಲೆಯಲ್ಲಿ ಎಷ್ಟು ಜನ ಸತ್ತರು ಅನ್ನೋದು ಮಾತ್ರ ಆ ಸಕ್ಕರೆ ಗೋಡೆಯಲ್ಲಿ ಎಲ್ಲೂ ಕಾಣಲ್ಲ. ಕೊನೆಗೆ 2016ರಲ್ಲಿ ರಾಜ್ಯದ ಪಠ್ಯಕ್ರಮ ಚೌಕಟ್ಟಿನಲ್ಲೇ, ಇಂಥ ಮಾದರಿ ಕಟ್ಟೋದ್ರಿಂದ ಆ ಕಾಲ ಅರ್ಥವಾಗಲ್ಲ, ಅನೇಕರಿಗೆ ನೋವೂ ಆಗುತ್ತೆ ಅಂತ ಬರೆದರು. ಕಟ್ಟಡ ಮಾಡಿಸೋದು ಸುಲಭ, ಅದರೊಳಗೆ ಯಾರಿದ್ದರು ಅಂತ ಕೇಳೋದು ಕಷ್ಟ. ನನ್ನ ಮಗಳಿಗೆ ಹಂಪಿ ತೋರಿಸಿದಾಗಲೂ ನನಗೆ ಅದೇ ಅನ್ನಿಸಿದ್ದು.

ಸಿಆರ್‌ಪಿ_ಕಣ್ಣು
ಎಲ್ಲ ಸರಿ. ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಬೇಡಿ. ಕೆರೆ ಕಟ್ಟಿದ್ದು, ಕಲ್ಲು ನೋಡಿದ್ದು ಎಲ್ಲ ಆದ ಮೇಲೆ ದಾಖಲೆ ಏನು? ಭೇಟಿಗೆ ಬಂದವರು ಕೇಳೋದು ಫೈಲು. ಥರ್ಮಾಕೋಲ್ ಉಳಿದುಕೊಂಡಿರೋದೇ ಇದಕ್ಕೆ, ಅದು ಕಣ್ಣಿಗೆ ಕಾಣುತ್ತೆ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ. ಮಳೆಗೆ ಕೊಚ್ಚಿಹೋದ ಕೆರೆಗೆ ಅಂಕ ಹೇಗೆ ಕೊಡ್ತೀರಿ?

ಕೋಲಾರದವನು
@ಸಿಆರ್‌ಪಿ_ಕಣ್ಣು ಒಂದು ಮಗುವಿಗೆ ಒಂದು ಹಾಳೆ ಸರ್. ಮುಂದೆ ಚಿತ್ರ, ಏರಿ, ತೂಬು, ಕೋಡಿ ಗುರುತು ಹಾಕಿರಬೇಕು. ಹಿಂದೆ ಎರಡು ಪ್ರಶ್ನೆ: ನಿಮ್ಮ ಕೆರೆ ಎಲ್ಲಿ ಒಡೆಯಿತು, ಯಾಕೆ? ಕೊನೆ ಪಾತಿಯವರಿಗೆ ನೀರು ಕೊಡೋಕೆ ಏನು ನಿಯಮ ಮಾಡಿದಿರಿ? ಇದನ್ನ ಯಾವ ಅಪ್ಪ ಅಮ್ಮನೂ ಬರೆದು ಕೊಡೋಕಾಗಲ್ಲ, ಅವರು ಅಲ್ಲಿ ಇರಲೇ ಇಲ್ಲವಲ್ಲ. ಚಿತ್ರ ಚೆನ್ನಾಗಿಲ್ಲದಿದ್ದರೂ ಕಾರಣ ಸರಿ ಬರೆದವನಿಗೆ ಪೂರ್ತಿ ಅಂಕ.

ಮಂಡ್ಯ_ಹೈದ
ಫೋಟೋಗೇ ಬೇಕಿದ್ರೆ ಚುನಾವಣೆ ಮಾಡಿಸಿ, ಪತ್ರಿಕೆಯವರೂ ಬರ್ತಾರೆ. ತಮಾಷೆಗೆ ಅಂದೆ. ಶಾಲಾ ಸಂಸತ್ತು ಹೆಂಗೂ ಮಾಡಲೇಬೇಕಲ್ವಾ, ಅದನ್ನೇ ಪ್ರಾಜೆಕ್ಟ್ ಮಾಡಿ. ಈಗ ಎಲ್ಲರೂ ಮೊಬೈಲ್ ಆ್ಯಪ್ ಇವಿಎಂ ಬಳಸ್ತಾರೆ, ಪೀಂ ಅಂತ ಸದ್ದು ಬರುತ್ತೆ, ಮಕ್ಕಳಿಗೆ ಖುಷಿ. ಆದ್ರೆ ನನ್ನ ಓಟು ಕಾಗದದ ಚೀಟಿಗೆ. ಚೀಟಿ ಮಾಡೋದು, ಡಬ್ಬ ಖಾಲಿ ಇದೆ ಅಂತ ಎಲ್ಲರಿಗೂ ತೋರಿಸಿ ಸೀಲ್ ಹಾಕೋದು, ಅಡ್ಡ ಬಟ್ಟೆ ಕಟ್ಟೋದು, ತಿರಸ್ಕೃತ ಮತ ಯಾವುದು ಅಂತ ಏಜೆಂಟರ ಮುಂದೆ ವಾದ ಮಾಡಿ ಎಣಿಸೋದು, ಈ ಪ್ರತಿಯೊಂದೂ ಒಂದೊಂದು ಪಾಠ. ಆ್ಯಪ್‌ನಲ್ಲಿ ಇದೆಲ್ಲ ಒಂದು ಗುಂಡಿ ಒತ್ತಿದ್ರೆ ಮುಗಿದುಹೋಗುತ್ತೆ. ಬೆರಳಿನ ಶಾಯಿಗೆ ಮಾರ್ಕರ್ ಸಾಕು. ನಿಜವಾದ ಶಾಯಿ ನಮ್ಮ ಮೈಸೂರಲ್ಲೇ ಆಗೋದು ಅಂತ ಮರೀದೆ ಹೇಳಿ, ನಾಲ್ವಡಿಯವರ ಕಾಲದ ಬಣ್ಣದ ಕಾರ್ಖಾನೆ, 1937ರದ್ದು, 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗೋದು.

ಆದ್ರೆ ಗೆದ್ದ ಮೇಲೆ ಮಂತ್ರಿಗೆ ಕೆಲಸ ಇರಬೇಕು ನೋಡಿ. ಬ್ಯಾಡ್ಜ್ ಕೊಟ್ಟು ಸುಮ್ನಾಗಬಾರದು. 100 ಹುಣಸೆ ಬೀಜ ಕೊಟ್ಟು, ಇದು ಪಂಚಾಯಿತಿ ದುಡ್ಡು ಅಂತ ಹೇಳಿ. ಬೀದಿ ದೀಪಕ್ಕೆ 30, ಚರಂಡಿಗೆ 60, ಅಂಗನವಾಡಿ ಸೂರಿಗೆ 40, ಕುಡಿಯೋ ನೀರಿಗೆ 50, ಹಿಂಗೆ ಬೆಲೆ ಕಟ್ಟಿ. ಎಲ್ಲ ಮಾಡೋಕಾಗಲ್ಲ. ಮೊದಲು ಯಾವುದು ಅಂತ ಗ್ರಾಮಸಭೆ ನಡೆಸಿ ತೀರ್ಮಾನ ಮಾಡಲಿ. ಗಂಡು ಹೈಕಳೆಲ್ಲ ಆಟದ ಮೈದಾನ ಅಂತ ಕೂಗ್ತವೆ, ಹೆಣ್ಣುಮಕ್ಕಳು ಶೌಚಾಲಯಕ್ಕೆ ನೀರು ಅಂತಾರೆ. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಯಾಕೆ ಅನ್ನೋದನ್ನ ಆಗ ಹೇಳಿ, ತಲೆಗೆ ಹೋಗುತ್ತೆ. ಅಲ್ಲಿ ಬಂದ ಬೇಡಿಕೆಯನ್ನೇ ನಿಜವಾದ ಮಕ್ಕಳ ಗ್ರಾಮಸಭೆಗೆ ಅರ್ಜಿ ಮಾಡಿ ಒಯ್ಯಿರಿ, ಪಿಡಿಒ ಮುಂದೆ ಮಗುನೇ ಓದಲಿ.

ತಿಪಟೂರು_ಟೀಚರ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಊರ ನಕ್ಷೆ ಬಗ್ಗೆ ಯಾರೂ ಹೇಳಲಿಲ್ಲ? ಅದು ನನ್ನ ಲಿಸ್ಟಿನಲ್ಲಿ ಮೊದಲನೇದು. ಒಂದೇ ಅನುಮಾನ, ನಕ್ಷೆ ಬರೆಸಿದರೆ ನಮ್ಮೂರಲ್ಲಿ ಯಾರ ಮನೆ ಎಲ್ಲಿದೆ ಅನ್ನೋದು ಬೀಳುತ್ತೆ. ಕಾಲೋನಿ ಊರಾಚೆ ಇದೆ. ಮೇಷ್ಟ್ರು ವಂಶವೃಕ್ಷಕ್ಕೆ ಹೇಳಿದ ಮಾತು ಇದಕ್ಕೂ ಬರುತ್ತಾ?

ನಿವೃತ್ತ_ಮೇಷ್ಟ್ರು
ಬರಲ್ಲ ಅಮ್ಮ. ವಂಶವೃಕ್ಷದಲ್ಲಿ ಒಂದು ಮಗು ಒಂಟಿಯಾಗಿ ಎಲ್ಲರೆದುರು ನಿಲ್ಲಬೇಕು. ನಕ್ಷೆ ಊರಿನದ್ದು, ಅದನ್ನ ಮುಚ್ಚಿಟ್ಟರೆ ಕಾಲೋನಿ ಮಗುವಿಗೆ ತನ್ನ ಮನೆ ನಕ್ಷೆಯಲ್ಲೇ ಇಲ್ಲ ಅಂತಾಗುತ್ತೆ. ಅದು ಇನ್ನೂ ಕೆಟ್ಟದ್ದು. ಮನೆ ಹೆಸರು ಬೇಡ, ಬೀದಿ ಹೆಸರೂ ಬೇಡ. ನೀರಿನ ಟ್ಯಾಂಕ್, ಕೊಳಾಯಿ, ಬೀದಿ ದೀಪ, ಚರಂಡಿ, ಅಂಗನವಾಡಿ, ಬಸ್ ನಿಲ್ಲೋ ಜಾಗ, ಇಷ್ಟು ಬರೆಸಿ. ಯಾವ ಕಡೆ ಕೊಳಾಯಿ ಕಡಿಮೆ, ದೀಪ ಕಡಿಮೆ ಅಂತ ಮಕ್ಕಳೇ ಎಣಿಸ್ತಾರೆ. ಅವರು ಕೇಳಿದರೆ ಉತ್ತರ ಕೊಡೋ ಧೈರ್ಯ ನಿಮಗಿರಬೇಕು, ಅಷ್ಟೇ.

ಜಮಖಂಡಿ_ಮಂದಿ
ನಕ್ಷೆನ ಕಾಗದದ ಮೇಲೆ ಶುರು ಮಾಡಬೇಡಿ ಟೀಚರ್. ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಬರೆಸಿ. ಬೆಳಿಗ್ಗೆ ಸೂರ್ಯ ಹುಟ್ಟೋ ಕಡೆ ಪೂರ್ವ ಅಂತ ಗುರುತು ಮಾಡಿ, ನಿಜವಾದ ದಿಕ್ಕಿಗೇ ನಕ್ಷೆ ಇರಬೇಕು. ಶಾಲೆಗೆ ಒಂದು ಇಟ್ಟಿಗೆ, ಗುಡಿಗೆ ಕಲ್ಲು, ಮಸೀದಿಗೆ ಕಲ್ಲು, ಕೆರೆಗೆ ಹಸಿರೆಲೆ. ಇಲ್ಲಿಂದ ಗುಡಿಗೆ ಎಷ್ಟು ಹೆಜ್ಜೆ ಅಂತ ನಡೆದು ಎಣಿಸಿಕೊಂಡು ಬಂದು 100 ಹೆಜ್ಜೆಗೆ ಒಂದು ಗೇಣು ಅಂತ ಹಾಕಿಸಿ. ಅದನ್ನ ನೋಡಿಕೊಂಡು ಆಮೇಲೆ ಕಾಗದಕ್ಕೆ ಇಳಿಸಲಿ. ಉತ್ತರ ಅಂದ್ರೆ ಮೇಲೆ, ದಕ್ಷಿಣ ಅಂದ್ರೆ ಕೆಳಗೆ ಅಂತ ಆಕಾಶ ತೋರಿಸೋ ಮಕ್ಕಳು 7ನೇ ತರಗತಿಯಲ್ಲೂ ಇದ್ದಾರೆ, ಗೋಡೆ ಮೇಲಿನ ಭೂಪಟ ಮಾತ್ರ ನೋಡಿದ್ದರ ಫಲ.

ಕೊನೆಗೆ ಸರ್ಕಾರದ ಸರ್ವೆ ನಕ್ಷೆ ತೋರಿಸೋ ದಿಶಾಂಕ್ ಆ್ಯಪ್ ತೆಗೆದು ತೋರಿಸಿ. ಸರ್ವೆ ನಂಬರ್, ಹಳ್ಳ, ಕೆರೆ, ಬಂಡಿ ದಾರಿ ಎಲ್ಲ ಬರುತ್ತೆ. ಮಕ್ಕಳ ನಕ್ಷೆಯಲ್ಲಿ ಇಲ್ಲದ ಹಳ್ಳ ಸರ್ಕಾರದ ನಕ್ಷೆಯಲ್ಲಿದ್ದರೆ, ಅದು ಎಲ್ಲಿ ಹೋಯ್ತು ಅಂತ ಹುಡುಕೋಕೆ ಹೊರಡ್ತಾರೆ. ಯಾರೋ ಒತ್ತಿಕೊಂಡು ತೋಟ ಮಾಡಿರ್ತಾರೆ, ಅವರ ಮಗನೂ ನಿಮ್ಮ ಕ್ಲಾಸಲ್ಲೇ ಇರ್ತಾನೆ, ಅಲ್ಲಿಂದ ಮುಂದೆ ನಿಮ್ಮ ಪಾಡು ನಿಮಗೆ :)

ಆಫೀಸ್_ಅಮ್ಮ
ನೋಟಿನ ಐಡಿಯಾ ನಿನ್ನೆ ಮಗನ ಹತ್ರ ಮಾಡಿಸಿದೆ. 20 ರೂಪಾಯಿ ನೋಟು ಮನೇಲಿ ಇರಲಿಲ್ಲ, ಸೆಕ್ಯೂರಿಟಿ ಅಂಕಲ್ ಹತ್ರ ಹೋಗಿ ಕೇಳಿದ. ಅವರು ಒಡಿಶಾದವರು. 10ರ ನೋಟು ತೆಗೆದು, ಇದು ನಮ್ಮೂರಿನ ದೇವಸ್ಥಾನ ಅಂತ ಅವನಿಗೆ ತೋರಿಸಿದರಂತೆ. ಈಗ ಅವರ ಊರು ಕೋನಾರ್ಕ್‌ನಿಂದ ಎಷ್ಟು ದೂರ ಅಂತ ಅಳೀತಿದ್ದಾನೆ.

ತಿಪಟೂರು_ಟೀಚರ್
ವಾವ್! ನಾನು ಹಿಂಗೆ ಮಾಡ್ತೀನಿ: ಮೊದಲು ಅಂಗಳದ ನಕ್ಷೆ, ಅದರಲ್ಲಿ ಕೆರೆ ಎಲ್ಲಿದೆ ನೋಡಿ ಆಮೇಲೆ ಕೆರೆ ಕಟ್ಟೋದು. ಈ ತಿಂಗಳ ಸಂಭ್ರಮ ಶನಿವಾರಕ್ಕೆ, ಹೆಂಗೂ ಬ್ಯಾಗ್ ಇರಲ್ಲ. ವೀರಗಲ್ಲು ದಸರಾ ರಜೆ ಆದ ಮೇಲೆ. @ಕೋಲಾರದವನು ಸರ್, ಒಂದು ಡೌಟು. ಮನೇಲಿ ಪಪ್ಪಾಯಿ ದಂಟು ಇಟ್ಟು ನೋಡಿದೆ, ದಂಟಿನ ಸುತ್ತ ನೀರು ಸೋರಿ ಅಲ್ಲಿಂದಲೇ ಏರಿ ಕುಸೀತಿದೆ.

ಕೋಲಾರದವನು
ಮರಳು ಮಣ್ಣಿರಬೇಕು ಮೇಡಂ. ದಂಟಿನ ಸುತ್ತ ಜೇಡಿಮಣ್ಣು ಕಲಸಿ ಒಂದು ಹಿಡಿ ದಪ್ಪಕ್ಕೆ ಮೆತ್ತಿಸಿ, ಚೆನ್ನಾಗಿ ತುಳಿಸಿ, ಅದರ ಮೇಲೆ ಏರಿ ಮಣ್ಣು. ಗಣೇಶ ಮಾಡೋರ ಹತ್ರ ಜೇಡಿಮಣ್ಣು ಸಿಗುತ್ತೆ, ಇಲ್ಲ ನಿಮ್ಮೂರ ಕೆರೆಯ ಹೂಳೇ ಸಾಕು. ಹಿಂದಿನ ದಿನವೇ ಕಟ್ಟಿಸಿ ಒಂದು ರಾತ್ರಿ ಒಣಗೋಕೆ ಬಿಡಿ. ಏರಿ ಮೇಲೆ ನಾಯಿ ಓಡಾಡದ ಹಾಗೆ ಮುಳ್ಳು ಹಾಕಿಸೋದು ಮರೀಬೇಡಿ.